ಹೊಸೂರಿನ ಹುಡುಗನೂ ಬಸವನಗುಡಿಯ ಶಾಲೆಯೂ

1936ನೇ ಇಸವಿ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಸಭೆಯಲ್ಲಿ ನೀವೂ ಕೂತಿದ್ದೀರಿ. ಗಾಂಧೀಜಿ ಹಿಂದಿಯಲ್ಲಿ ಮಾತಾಡುತ್ತಿದ್ದಾರೆ. ಪಕ್ಕದಲ್ಲಿ ನಿಂತು ಅದನ್ನು ಕನ್ನಡಕ್ಕೆ ತಿರುಗಿಸುತ್ತಿರುವವನು ಈ ಶಾಲೆಯದೇ ಹುಡುಗ, ಹದಿನಾರರ ಆಸುಪಾಸು. ಗಾಂಧೀಜಿ ಮಾತು ನಿಲ್ಲಿಸಿದಾಗಲೆಲ್ಲ ಎಲ್ಲರ ಕಣ್ಣೂ ಅವನ ಮೇಲೆ.

ಅವನು ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮನೆಯವನು. ಹಿಂದಿನ ವರ್ಷ ಬಸ್ಸಿಗೆ ಕಾಸಿಲ್ಲದೆ 80 ಕಿಲೋಮೀಟರಿನಷ್ಟು ದೂರ ನಡೆದೇ ಬೆಂಗಳೂರು ಸೇರಿದ್ದ. 1917ರಲ್ಲಿ ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಪ್ರೇರಣೆಯಿಂದ ಹುಟ್ಟಿದ ಈ ಖಾಸಗಿ ಶಾಲೆ ಅವನನ್ನು ಒಳಗೆ ಬಿಟ್ಟುಕೊಂಡಿತು. ಅಷ್ಟೇ ಅಲ್ಲ, ಇವತ್ತು ಗಾಂಧೀಜಿಯ ಪಕ್ಕದಲ್ಲೇ ನಿಲ್ಲಿಸಿದೆ. ಹಳ್ಳಿ ಹುಡುಗನ ಮೇಲೆ ಒಂದು ಶಾಲೆ ಇಡಬಹುದಾದ ನಂಬಿಕೆ ಇದಕ್ಕಿಂತ ದೊಡ್ಡದಿರಲಾರದು ಎಂದೇ ನನಗನ್ನಿಸುತ್ತದೆ.

ಎರಡು ವರ್ಷ ದಾಟಿ ಅವನ ತಾಲ್ಲೂಕಿಗೇ ಬನ್ನಿ. 1938ರ ಏಪ್ರಿಲ್ 25, ವಿದುರಾಶ್ವತ್ಥ. ಅಶ್ವತ್ಥದ ಸುತ್ತ ಸಾಲುಸಾಲು ನಾಗರಕಲ್ಲು, ಜಾತ್ರೆಗೆ ನೆರೆದ ಜನ. ನಿಷೇಧ ಮುರಿದು ತ್ರಿವರ್ಣ ಧ್ವಜ ಹಾರಿಸಬೇಕೆಂದು ಸೇರಿದ ಸಭೆಯ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸುತ್ತಾರೆ. ಹೆಣಗಳು ಬೀಳುತ್ತವೆ. ಕಾಂಗ್ರೆಸ್ ನಾಯಕರಾದ ಸರ್ದಾರ್ ಪಟೇಲ್, ಕೃಪಲಾನಿ ಓಡಿಬರುತ್ತಾರೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆಯಾಗಿ, ಸಂಸ್ಥಾನದ ಧ್ವಜದ ಪಕ್ಕದಲ್ಲಿ ತ್ರಿವರ್ಣಕ್ಕೂ ಜಾಗ ಸಿಗುತ್ತದೆ.

ನಾಲ್ಕು ವರ್ಷಗಳ ಬಳಿಕ ಹೋರಾಟ ಆ ಹುಡುಗನನ್ನೂ ಸೆಳೆಯಿತು. 1942ರಲ್ಲಿ ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ. ಕ್ವಿಟ್ ಇಂಡಿಯಾ ಕರೆ ಬಂದದ್ದೇ ಓದು ಬಿಟ್ಟು ಜೈಲಿಗೆ ಹೋಗುತ್ತಾರೆ. ಹೊರಬಂದು ಓದು ಮುಗಿಸಿ, 1946ರಲ್ಲಿ ತಮ್ಮ ಹಳೆಯ ಹೈಸ್ಕೂಲಿನ ಸಂಸ್ಥೆಯದೇ ಆದ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಬರುತ್ತಾರೆ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ; ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು. ಅಮೆರಿಕದ ಡಾಕ್ಟರೇಟ್ ಬಂದರೂ, 1961ರಲ್ಲಿ ಪ್ರಿನ್ಸಿಪಾಲರಾದರೂ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಖಾದಿ ಜುಬ್ಬ, ಗಾಂಧಿ ಟೋಪಿ ಬದಲಾಗಲಿಲ್ಲ.

ಅವರ ದುಡಿಮೆಯಲ್ಲಿ ನನಗೆ ಹೆಚ್ಚು ಆಪ್ತವಾದದ್ದು ಬಸವನಗುಡಿಯಾಚೆಯದು. ತಮ್ಮನ್ನು ಓದಿಸಿದ ಸಂಸ್ಥೆಯನ್ನೇ ಅವರು ತಮ್ಮ ಸೀಮೆಗೆ ಕರೆತಂದರು. ಗೌರಿಬಿದನೂರಿನಲ್ಲೊಂದು ನ್ಯಾಷನಲ್ ಕಾಲೇಜು, ಬಾಗೇಪಲ್ಲಿಯಲ್ಲೊಂದು. ಮಳೆ ನಂಬಿ ರಾಗಿ, ಕಡಲೆಕಾಯಿ ಬೆಳೆಯುವ ಮನೆಗಳ ಮಕ್ಕಳು ಊರಿನ ಹತ್ತಿರದಲ್ಲೇ ಡಿಗ್ರಿಗೆ ಸೇರಿದರು.