ಮಳೆ ಬಿಡುವುದು ಯಾವಾಗ?

ಜೂನ್ ಬಂತೆಂದರೆ ಬಯಲುಸೀಮೆಯ ನೆಂಟರು ಫೋನ್ ಮಾಡಿ, "ನಿಮಗೇನ್ರೀ, ಮಳೆ ಕಂಡ ಪುಣ್ಯವಂತರು" ಎನ್ನುತ್ತಾರೆ. ತೀರ್ಥಹಳ್ಳಿ ಸೀಮೆಯ ನಮ್ಮ ಪುಣ್ಯ ಎಂಥದ್ದೆಂದು ಜುಲೈ ನಡುವೆ ಪೇಟೆಗೆ ಬಂದು ನೋಡಬೇಕು. ಕೊಡೆ ಮಡಚಿ ಅಂಗಡಿ ಜಗಲಿ ಹತ್ತಿದವರೆಲ್ಲ ಕೇಳುವುದು ಒಂದೇ ಮಾತು: "ಈ ವಾರ ಹೊಳವು ಕೊಡ್ತದಂತಾ ಮಾರಾಯ್ರೆ?" ಶಾಲೆಯ ಮಕ್ಕಳು ಮಾತ್ರ ರೆಡ್ ಅಲರ್ಟ್ ಬರಲಿ, ರಜೆ ಸಿಗಲಿ ಎಂದು ಹರಕೆ ಹೊರುತ್ತಾರೆ.

ಅಡಿಕೆ ತೋಟದವರಿಗೆ ಮುನ್ಸೂಚನೆ ಬೇಕಾಗುವುದು ಮಳೆಗಾಗಿ ಅಲ್ಲ, ಮಳೆಯ ನಡುವಿನ ಸಂದಿಗಾಗಿ, ಅಂದರೆ ಹೊಳವಿಗಾಗಿ. ಮುಂಗಾರು ಹಿಡಿಯುವ ಮುಂಚೆ ಹೊಡೆದ ಕೊಳೆ ಔಷಧಿ ನಲವತ್ತು ದಿನ ಕಳೆಯುವಷ್ಟರಲ್ಲಿ ಸವೆದಿರುತ್ತದೆ. ಎರಡನೆಯ ಸಲ ಹೊಡೆದದ್ದು ಗೊನೆಯ ಮೇಲೆ ಒಣಗಲು ಕೆಲವು ಗಂಟೆಯಾದರೂ ಬಿಡುವು ಬೇಕು. ಅದು ಸಿಗದಿದ್ದರೆ ಎಳೆಗಾಯಿ ಕೊಳೆತು ಬುಡದಲ್ಲಿ ರಾಶಿ ಬೀಳುತ್ತದೆ.

ನನ್ನ ದೊಡ್ಡಪ್ಪನಿಗೆ ಈ ಸಂದಿ ಹುಡುಕಲು ಪಂಚಾಂಗ ಸಾಕಿತ್ತು. ಸೂರ್ಯ ವರ್ಷಕ್ಕೆ 27 ನಕ್ಷತ್ರ ದಾಟುವುದರಿಂದ ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ಜೂನ್ 22ರ ಸುಮಾರಿಗೆ ಆರಿದ್ರಾ, ಜುಲೈ ಮೊದಲ ವಾರ ಪುನರ್ವಸು, 20ರ ಹೊತ್ತಿಗೆ ಪುಷ್ಯ. ಇಡೀ ವರ್ಷದ ಮಳೆಯನ್ನು ಯುಗಾದಿಯ ದಿನವೇ ಓದಿ ಮುಗಿಸುತ್ತಿದ್ದರು. ಮಳೆ ಹಾಗೆ ನಡೆದುಕೊಳ್ಳದಿದ್ದರೆ ತಪ್ಪು ಮಳೆಯದು. "ಆರಿದ್ರಾದಲ್ಲಿ ಗುಡುಗಬಾರದು ಮಗಾ, ಗುಡುಗಿದ್ರೆ ಮುಂದಿನ ಮಳೆ ಕೈಕೊಡ್ತದೆ" ಎಂಬುದು ಅವರ ಕೊನೆಯ ತೀರ್ಪು.

ಆ ತೀರ್ಪಿನಲ್ಲಿ ಹುರುಳಿಲ್ಲದೆ ಇಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ ಮೋಡ ಕಾದ ನೆಲದಿಂದ ಮೇಲಕ್ಕೆ ನುಗ್ಗಿ ಹನ್ನೆರಡು ಕಿಲೋಮೀಟರಿಗೂ ಮಿಕ್ಕಿ ಏರುತ್ತದೆ. ತಲೆಯ ಕಡೆ ಮಂಜುಗಡ್ಡೆ ಕಟ್ಟುತ್ತದೆ. ಆ ಹರಳುಗಳ ತಿಕ್ಕಾಟದಿಂದಲೇ ಸಿಡಿಲು, ಗುಡುಗು. ಮುಂಗಾರಿನ ಮೋಡದ ಜಾಯಮಾನ ಬೇರೆ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು, ಬೇರೆ ದಾರಿಯಿಲ್ಲದೆ ಮೇಲೇರಿ, ಹಿಗ್ಗಿ, ತಣಿಯುತ್ತದೆ. ಆವಿ ಕಡಲಿನ ಉಪ್ಪಿನ ಕಣ, ಧೂಳಿನ ಕಣ ಹಿಡಿದು ಹನಿಯಾಗುತ್ತದೆ. ಆ ಹನಿಯ ಅಗಲ ಮಿಲಿಮೀಟರಿನ ಐವತ್ತನೇ ಒಂದು ಭಾಗ. ಬೀಳುವಷ್ಟು ಭಾರವೂ ಅದಕ್ಕಿಲ್ಲ. ಉಪ್ಪಿನ ದೊಡ್ಡ ಕಣ ಸಿಕ್ಕಿದ ಹನಿ ತುಸು ದಪ್ಪಗಾಗಿ, ಕೆಳಗಿಳಿಯುತ್ತ ಸಿಕ್ಕಿದವರನ್ನೆಲ್ಲ ನುಂಗಿಕೊಂಡು ಬರುತ್ತದೆ. ಹತ್ತು ಲಕ್ಷ ಹನಿ ಕೂಡಿದರೆ ನಮ್ಮ ಹೆಂಚಿನ ಮೇಲೆ ಬೀಳುವ ಒಂದು ಹನಿ. ಇದಕ್ಕೆ ಮಂಜುಗಡ್ಡೆ ಬೇಡ, ಬಾನೆತ್ತರದ ಮೋಡವೂ ಬೇಡ. ಆದ್ದರಿಂದಲೇ ಆಗುಂಬೆಯಲ್ಲಿ ಗುಡುಗಿನ ಸದ್ದೇ ಇಲ್ಲದೆ ಹಗಲೂ ರಾತ್ರಿ ಸುರಿಯುತ್ತದೆ. ಗುಡುಗು ಮರಳಿತೆಂದರೆ ಮುಂಗಾರಿನ ಗಾಳಿ ಸಡಿಲವಾಗಿದೆ ಎಂದು ಸಾಮಾನ್ಯವಾಗಿ ಅರ್ಥ.

ಸರ್ಕಾರಿ ಮುನ್ಸೂಚನೆಗೂ ವಯಸ್ಸಾಗಿದೆ. 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರನ್ನು ಅಳೆಯಲು ಹೊರಟು, 1886ರಲ್ಲಿ ಇಡೀ ಋತುವಿನ ಮುನ್ಸೂಚನೆ ಕೊಟ್ಟ. ನಮ್ಮ ತೋಟದ ಬಾಗಿಲಿಗೆ ವಿಜ್ಞಾನ ಬಂದದ್ದು ಇನ್ನೊಬ್ಬನಿಂದ. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಮೇಲೆ ವರದಿ ಬರೆದ. ಮಳೆ ತಾಗದಂತೆ ಗೊನೆಗೆ ಕರಡದ ಕೊಟ್ಟೆ ಕಟ್ಟುತ್ತಿದ್ದವರಿಗೆ ಫ್ರಾನ್ಸಿನ ದ್ರಾಕ್ಷಿತೋಟದ ಬೋರ್ಡೋ ದ್ರಾವಣ ಹೇಳಿಕೊಟ್ಟ.

ಈಗಲೂ ಅದೇ ಔಷಧಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಒಟ್ಟು ಸುರಿದರೆ ಡ್ರಮ್ಮಿನ ತುಂಬ ತಿಳಿನೀಲಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಎತ್ತುತ್ತಾನೆ. ಅಲಗಿಗೆ ಕೆಂಪಗೆ ತಾಮ್ರ ಹಿಡಿದಿದ್ದರೆ ಇನ್ನಷ್ಟು ಸುಣ್ಣ ಬೇಕೆಂದು ಲೆಕ್ಕ. ಕೂಡಿಸಿದ ದ್ರಾವಣ ಅದೇ ದಿನ ಖರ್ಚಾಗಬೇಕು. ಮರುದಿನಕ್ಕೆ ಅದರ ಗುಣ ಇರುವುದಿಲ್ಲ. ಹಾಗಾಗಿ ಡ್ರಮ್ಮು ತುಂಬಿದ ಮೇಲೆ ಮಳೆ ಬಂದರೆ ಔಷಧಿಯೂ ಹೋಯಿತು, ಕೂಲಿಯೂ ಹೋಯಿತು.

ಇಷ್ಟೆಲ್ಲ ಪಣಕ್ಕಿಟ್ಟವನ ಮೊಬೈಲಿಗೆ ಬರುವ ವರದಿ, "ಒಂದೆರಡು ಕಡೆ ಮಳೆ" ಎನ್ನುತ್ತದೆ. ಇಲಾಖೆಯ ಲೆಕ್ಕದಲ್ಲಿ ಹಾಗೆಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ. ಅದರಲ್ಲಿ ನಮ್ಮ ತೋಟ ಇದೆಯೇ? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಜಿಲ್ಲೆಗೆಲ್ಲ ಒಂದೇ ಸಾಲು ಬರೆಯುವವನ ಕಷ್ಟ ಅರ್ಥವಾಗುತ್ತದೆ. ಬಿಡಿಮೋಡದ ಆಯುಸ್ಸು ಎಷ್ಟೋ ಸಲ ಒಂದು ಗಂಟೆಯೂ ಇಲ್ಲ. ಅದನ್ನು ಮಂಗಳವಾರ ಕೂತು ಶುಕ್ರವಾರಕ್ಕೆ ಹೇಳಲು ಯಾರಿಂದಲೂ ಆಗದು. ಹೇಳಲು ಬರುವುದು ಗಾಳಿಯ ನಡೆಯನ್ನು: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೇ, ಕರಾವಳಿಯ ಗಾಳಿ ಬಲ ಕಳೆದುಕೊಳ್ಳುತ್ತಿದೆಯೇ ಎಂದು. ದೊಡ್ಡಪ್ಪನ ಪಂಚಾಂಗಕ್ಕೆ ಅನುಮಾನವೇ ಇರಲಿಲ್ಲ. ಈ ವರದಿ ತನ್ನ ಅನುಮಾನವನ್ನೂ ಲೆಕ್ಕ ಹಾಕಿ ಕೊಡುತ್ತದೆ; ನನಗೆ ಅದೇ ಅದರ ದೊಡ್ಡಸ್ತಿಕೆ ಅನ್ನಿಸುತ್ತದೆ.

ಅನುಮಾನಕ್ಕೆ ತಕ್ಕ ಕೆಲಸವನ್ನು ನಾವೂ ಕಲಿತಿದ್ದೇವೆ. ವರದಿ ಹೊಳವು ಅಂದರೆ ಕೊನೆಗಾರನಿಗೆ ಹೇಳಿಕಳಿಸಿ, ರಾತ್ರಿಯೇ ಮೈಲುತುತ್ತ ಒಂದು ಕಡೆ, ಸುಣ್ಣ ಒಂದು ಕಡೆ ನೆನೆಹಾಕುತ್ತೇವೆ. ಬೇರೆಯಾಗಿದ್ದರೆ ಎರಡೂ ಕೆಡುವುದಿಲ್ಲ. ಕೂಡಿಸಬೇಕೋ ಬೇಡವೋ ಎನ್ನುವುದು ಬೆಳಗಿನ ಕಾಫಿ ಕುಡಿದು, ಘಟ್ಟದ ಕಡೆ ಒಮ್ಮೆ ನೋಡಿದ ಮೇಲಿನ ಮಾತು.