ನಮ್ಮ ತೋಟದ ಉಮಾಶ್ರೀ

ಕಳೆದೆರಡು ವರ್ಷಗಳ ಹಿಂದೆ ಮಳೆಗಾಲದಲ್ಲಿ ಮಡಿಕೇರಿ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಅವ್ವ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ನೋಡುತ್ತಿದ್ದರು. ಗಂಡ ಬಿಟ್ಟ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾಗಿ ಉಮಾಶ್ರೀ. ಜಾಹೀರಾತು ಬಂದಾಗ ಅವ್ವ ಇದ್ದಕ್ಕಿದ್ದಂತೆ, "ನಮ್ಮ ಉಮಾಶ್ರೀ ಈಗ ಎಲ್ಲಿದ್ದಾಳೋ" ಅಂದರು.

ನಮ್ಮ ಉಮಾಶ್ರೀ ಎಂದರೆ ತೋಟದ ಲೈನ್ ಮನೆಯಲ್ಲಿದ್ದ ಒಬ್ಬ ಹೆಂಗಸು. ದಪ್ಪ ಮೈ, ದೊಡ್ಡ ಗಂಟಲು. ಕಾಫಿ ಕೊಯ್ಯುತ್ತಾ ನಕ್ಕರೆ ಆಚೆ ಗುಡ್ಡಕ್ಕೂ ಕೇಳುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ವಿಸಿಪಿ ಬಾಡಿಗೆಗೆ ತಂದು ಸಿನಿಮಾ ನೋಡುತ್ತಿದ್ದ ನಾವು ಹುಡುಗರು ಅವಳಿಗೆ ಆ ಹೆಸರಿಟ್ಟೆವು. ಮೆಚ್ಚಿ ಇಟ್ಟದ್ದಲ್ಲ. ಪರದೆಯ ಮೇಲೆ ಉಮಾಶ್ರೀ ಬಂದರೆ ಮಾತಿಗೆ ಮೊದಲೇ ನಗುತ್ತಿದ್ದೆವು. ಇವಳನ್ನು ಕಂಡರೂ ಹಾಗೇ.

ಅದೇ ನಟಿ ದೇವನೂರ ಮಹಾದೇವರ 'ಒಡಲಾಳ' ರಂಗಕ್ಕೆ ಬಂದಾಗ, ಕಳೆದ ಹುಂಜಕ್ಕಾಗಿ ಹಂಬಲಿಸುವ ಮುದುಕಿ ಸಾಕವ್ವನಾಗಿದ್ದರು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಆಗ ಅವರಿಗಿನ್ನೂ ಮುದುಕಿಯ ವಯಸ್ಸಲ್ಲ.

ಆಮೇಲೆ 'ಗುಲಾಬಿ ಟಾಕೀಸ್' ನೋಡಿದೆ. ವೈದೇಹಿಯವರ ಕತೆಯಿಂದ ಗಿರೀಶ ಕಾಸರವಳ್ಳಿ ಮಾಡಿದ ಈ ಚಿತ್ರಕ್ಕಾಗಿ ಉಮಾಶ್ರೀ 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ಗುಲಾಬಿ ಕರಾವಳಿಯ ಮೀನುಗಾರರ ನಡುವಿನ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಕಷ್ಟದ ಹೆರಿಗೆಯೊಂದನ್ನು ಮಾಡಿಸಿದ್ದಕ್ಕೆ ಅವಳ ಮನೆಗೆ ಟಿವಿ ಬರುತ್ತದೆ, ಟಿವಿ ನೋಡಲು ಕೇರಿಯ ಹೆಂಗಸರು ಬರುತ್ತಾರೆ. ಕಾರ್ಗಿಲ್ ಯುದ್ಧದ ಕಾಲ. ಊರಲ್ಲಿ ಅನುಮಾನ ಬೆಳೆದಾಗ ಮುಸ್ಲಿಂ ಹೆಂಗಸಾದ ಗುಲಾಬಿ ಹೊರಗಿನವಳಾಗುತ್ತಾಳೆ.

ನಾವು ನಕ್ಕಿದ್ದ ಮೈ, ಗಂಟಲು ಎರಡೂ ಇಲ್ಲಿದ್ದವು. ಉಮಾಶ್ರೀ ಯಾವುದನ್ನೂ ಮರೆಮಾಚಿರಲಿಲ್ಲ. ಹಾಸ್ಯಪಾತ್ರಗಳಲ್ಲಿ ನಾವು ಮೈಯನ್ನಷ್ಟೇ ನೋಡಿ ನಿಲ್ಲುತ್ತಿದ್ದೆವು; ಇಲ್ಲಿ ಅವರು ಅಲ್ಲಿಗೇ ನಿಲ್ಲಲು ಬಿಡಲಿಲ್ಲ.

ನನಗೆ ತಂಗಿ ಹುಟ್ಟಿದ ರಾತ್ರಿ ನೆನಪಾಯಿತು. ಜುಲೈ ಮಳೆ, ಮರ ಬಿದ್ದು ರಸ್ತೆ ಮುಚ್ಚಿತ್ತು, ಜೀಪು ಗೇಟು ದಾಟಲಿಲ್ಲ. ಗೊರಗ ಹೊದ್ದು ಬಂದು ಹೆರಿಗೆ ಮಾಡಿಸಿದವಳು ಅವಳೇ. ನಮ್ಮವರು ಒಂದು ಸೀರೆ, ಒಂದಷ್ಟು ಅಕ್ಕಿ ಕೊಟ್ಟರು. ನಾವು ಮಾರನೇ ವಾರವೂ ಅದೇ ಹೆಸರು ಕೂಗಿದೆವು. ಅವಳು ಎಂದಿನಂತೆ ನಕ್ಕಳು. 2001ರ ಹೊತ್ತಿಗೆ ಕಾಫಿ ಬೆಲೆ ನೆಲಕಚ್ಚಿ ತೋಟದಲ್ಲಿ ಆಳು ಕಡಿಮೆ ಮಾಡಿದಾಗ ಗಂಟು ಕಟ್ಟಿಕೊಂಡು ಲಾರಿ ಹತ್ತಿದಳು. ಎಲ್ಲಿಗೆಂದು ಯಾರೂ ಕೇಳಲಿಲ್ಲ.

"ಅವಳ ನಿಜವಾದ ಹೆಸರೇನವ್ವಾ?" ಅಂದೆ.

ಅವ್ವ ಯೋಚಿಸಿದರು. "ಚೆಕ್‌ರೋಲ್ ಪುಸ್ತಕದಲ್ಲಿ ಇತ್ತು. ಅದು ಗೆದ್ದಲು ಹಿಡಿದು ಹೋಯ್ತಲ್ಲ." ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ತಂಗಿಗಾದರೂ ಹೇಳಬೇಕಿತ್ತು" ಅಂದರು.

ಅಷ್ಟರಲ್ಲಿ ಜಾಹೀರಾತು ಮುಗಿದು ಪುಟ್ಟಕ್ಕ ಮತ್ತೆ ಬಂದಳು. ಇಬ್ಬರೂ ಸುಮ್ಮನೆ ನೋಡುತ್ತಾ ಕೂತೆವು.