ಮೂರು ಸೀಳಿನ ರಾಜಭವನ

ಪ್ರತಿ ಶನಿವಾರ ಬೆಳಿಗ್ಗೆ ಪೀಣ್ಯದ ಒಂದು ಸರ್ಕಾರಿ ಶಾಲೆಗೆ ಪಾಠ ಮಾಡಲು ಹೋಗುತ್ತೇನೆ. ನನ್ನ ಪಿಎಚ್‌ಡಿ ವಿಷಯ ರಾಜ್ಯಪಾಲರ ವಿವೇಚನಾಧಿಕಾರ. ಮೂರು ವರ್ಷದಿಂದ ಅದನ್ನೇ ಓದುತ್ತಿದ್ದರೂ ಎಂಟನೇ ತರಗತಿಯಲ್ಲಿ ಹತ್ತು ನಿಮಿಷ ಮಾತಾಡುವಷ್ಟರಲ್ಲಿ ಹಿಂದಿನ ಬೆಂಚು ತೂಕಡಿಸತೊಡಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪನಿಗೆ ಬಾಗಿಲು ತೆಗೆದು, ಕೊಡಕ್ಕೆ ನೀರು ಹಿಡಿದು ಬರುವ ಮಕ್ಕಳು. 153ನೇ ವಿಧಿ ಅವರಿಗೆ ಯಾಕೆ ಬೇಕು?

ಮುಂದಿನ ವಾರ ಪಾಠ ಬಿಟ್ಟು ರಟ್ಟು, ಕತ್ತರಿ, ಗೋಂದು ಹಿಡಿದೆವು. ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆಗೇನು ಬರ? ಒಬ್ಬ ಹುಡುಗ ಬೇರಿಂಗ್ ತುಂಬಿ ಬಂದಿದ್ದ ಪೆಟ್ಟಿಗೆ ಹೊತ್ತು ತಂದ. ಅದಕ್ಕೆ ಬಿಳಿ ಕಾಗದ ಅಂಟಿಸಿ, ಕಂಬ ಬರೆದು ರಾಜಭವನ ಮಾಡಿದೆವು. ಮೇಲೊಂದು ಕಂಡಿ, ವಿಧೇಯಕ ಹಾಕಲು. ಪಕ್ಕದಲ್ಲಿ ಮೂರು ಸೀಳು: ಅಂಕಿತ, ವಾಪಸ್, ರಾಷ್ಟ್ರಪತಿಗೆ. ಸದನ ಮತ್ತೆ ಅದೇ ವಿಧೇಯಕ ಅಂಗೀಕರಿಸಿ ಕಳಿಸಿದರೆ ಅಂಕಿತ ತಡೆಯುವಂತಿಲ್ಲ ಎಂದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ‘ಶಾಲೆಗೆ ಮಧ್ಯಾಹ್ನ ಐಸ್‌ಕ್ರೀಮ್ ವಿಧೇಯಕ’ ಎರಡು ಸಲ ಒಳಗೆ ಹೋಗಿ ಬಂತು.

ಆಮೇಲೆ 1989ರ ಆಟ. 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂಬ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ದಿಲ್ಲಿಗೆ ವರದಿ ಕಳಿಸಿದರು. ಅವರಲ್ಲಿ ಏಳು ಜನ ನಮ್ಮ ಸಹಿ ದಾರಿ ತಪ್ಪಿಸಿ ಪಡೆದದ್ದು ಎಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದ ಎಸ್.ಆರ್. ಬೊಮ್ಮಾಯಿ ಅವರಿಗೆ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರ ಹೋಯಿತು. ಮಕ್ಕಳು ಚೀಟಿ ಬರೆದು ಪೆಟ್ಟಿಗೆಗೆ ಹಾಕಿದರು, ಕೆಲವರು ಕೈ ಹಾಕಿ ಕಿತ್ತುಕೊಂಡರು. ಗಲಾಟೆಯೋ ಗಲಾಟೆ. “ಕೈ ಎತ್ತಿಸಿ ಎಣಿಸಿದ್ರೆ ಮುಗೀತಲ್ಲ ಮಿಸ್?” ಅಂದಳು ಒಬ್ಬಳು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೆಚ್ಚುಕಡಿಮೆ ಅದನ್ನೇ ಹೇಳಿತ್ತು. ಅದನ್ನು ವಿವರಿಸಲು ನನ್ನ ಪ್ರಬಂಧದಲ್ಲಿ 40 ಪುಟ ಬಳಸಿದ್ದೇನೆ.

ತೊಡಕು ತಂದವನು ಪೆಟ್ಟಿಗೆ ತಂದ ಹುಡುಗನೇ. ಮನೆಯವರು ರಾಯಚೂರು ಕಡೆಯವರು.

“ಮಿಸ್, ಸೈನೂ ಮಾಡ್ಲಿಲ್ಲ, ವಾಪಸ್ಸೂ ಕೊಡ್ಲಿಲ್ಲ, ಒಳಗ ಇಟ್ಕೊಂಡ್ ಕುಂತ್ರ?”

“ಆದಷ್ಟು ಬೇಗ ವಾಪಸ್ ಕಳಿಸಬೇಕು ಅಂತ ಬರೆದಿದೆ.”

“ಆದಷ್ಟು ಬೇಗ ಅಂದ್ರ ಎಷ್ಟ್ ದಿನಾರೀ? ನಮ್ಮಪ್ಪನ ಪಿಎಫ್ ಫಾರಮ್ಮಿಗೂ ಹಂಗ ಅಂತಾರ. ಸೂಪರ್‌ವೈಸರ್ ಟೇಬಲ್ ಮ್ಯಾಲೆ ಐತಿ. ಇಲ್ಲ ಅನ್ನಲ್ಲ, ಹೂಂ ಅನ್ನಲ್ಲ.”

ಕ್ಲಾಸು ಸುಮ್ಮನಾಯಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಿಂಗಳುಗಳ ಗಡುವು ಹಾಕಿತ್ತು. ನವೆಂಬರ್‌ನಲ್ಲಿ ಐವರ ಪೀಠ, ಕೋರ್ಟು ಹಾಗೆ ಗಡುವು ಹಾಕಲಾಗದು, ಆದರೆ ಸುಮ್ಮನೆ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ ಎಂದಿತು. ಇದನ್ನೇ ಹೇಳಿದೆ. ಅವನು “ಹಂಗಾರ ಎಷ್ಟ್ ದಿನಾರೀ?” ಅಂತ ಮತ್ತೆ ಕೇಳಿದ. ನನ್ನ ಮೂರನೇ ಅಧ್ಯಾಯವೂ ನಾಲ್ಕು ತಿಂಗಳಿಂದ ಒಬ್ಬರ ಮೇಜಿನ ಮೇಲಿದೆ. ಕೇಳಲು ನನಗೇ ಧೈರ್ಯ ಬಂದಿಲ್ಲ. ಅದನ್ನು ಮಕ್ಕಳಿಗೆ ಹೇಳಲಿಲ್ಲ.

ಬೆಲ್ ಹೊಡೆಯುವ ಮೊದಲು ವಿಧೇಯಕಗಳನ್ನೆಲ್ಲ ಎಣಿಸಿದೆವು. ಹನ್ನೆರಡು ಹಾಕಿದ್ದೆವು, ಹೊರಗೆ ಬಂದದ್ದು ಹನ್ನೊಂದು. ಪೆಟ್ಟಿಗೆ ಬೋರಲು ಹಾಕಿ ಅಲುಗಾಡಿಸಿದರೂ ಬೀಳಲಿಲ್ಲ. ಹುಡುಗ ಮೊಣಕೈತನಕ ಕೈ ತೂರಿಸಿ ತಡಕಾಡಿದ.

“ತಳಕ್ಕ ಗೋಂದು ಹತ್ತೇತ್ರಿ ಮಿಸ್,” ಅಂದ. “ಕಿತ್ರ ಹರೀತೈತಿ.”